ಬಿಲ್ಡ್ ಸಾಧನಗಳಲ್ಲಿ ಪ್ರಾಪರ್ಟಿಗಳ ದಾಯಕ್ರಮ

ಒಂದು ತಂತ್ರಾಂಶವು ಬರೆದವರ ಕೈಯಿಂದ ಬಳಸುವವರ ಕೈಗೆ ಬರುವ ಮುನ್ನ ಹಲವು ಸಂಸ್ಕಾರಗಳನ್ನು ಪಡೆಯಬೇಕಾಗುತ್ತದೆ. ಮೂಲಕಡತಗಳನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸಬೇಕು, ಅನ್ಯರು ಬರೆದ ಲೈಬ್ರರಿಗಳನ್ನು ತರಿಸಿಕೊಳ್ಳಬೇಕು, ಪರೀಕ್ಷೆಗಳನ್ನು ನಡೆಸಬೇಕು, ಕಡೆಗೆ ಎಲ್ಲವನ್ನೂ ಒಂದು ಕಟ್ಟಾಗಿ ಮಾಡಬೇಕು. ಈ ಕೆಲಸಗಳನ್ನು ಕ್ರಮತಪ್ಪದೆ ನಡೆಯಿಸುವ ಉಪಕರಣಕ್ಕೆ ಬಿಲ್ಡ್ ಸಾಧನ ಎಂದು ಹೆಸರು. ಮೇಕ್, ಆ್ಯಂಟ್, ಮೇವೆನ್, ಗ್ರೇಡಲ್ ಎಂಬವು ಈ ವರ್ಗದಲ್ಲಿ ಪ್ರಸಿದ್ಧವಾದವು. ಪುಣೆ, ಹೈದರಾಬಾದು, ಚೆನ್ನೈ ನಗರಗಳಲ್ಲಿ ನೆಲಸಿರುವ ಕನ್ನಡಿಗರಲ್ಲಿ ಈ ವೃತ್ತಿಯವರ ಸಂಖ್ಯೆ ಈಗ ಅಲ್ಪವಲ್ಲ. ಅವರಿಗೆ ಈ ಹೆಸರುಗಳು ದಿನಬಳಕೆಯ ಮಾತು. ಆದರೆ ಈ ಸಾಧನಗಳಲ್ಲಿ ಮೊದಲಿನಿಂದಲೂ ಉಳಿದುಬಂದಿರುವ ಒಂದು ಗೊಂದಲದ ಸ್ವರೂಪವನ್ನು ಆ ವೃತ್ತಿಯಲ್ಲಿರುವವರೂ ಬಹುಮಟ್ಟಿಗೆ ಪೆಟ್ಟು ತಿಂದೇ ಕಲಿಯುತ್ತಾರೆ ಹೊರತು ಓದಿ ಕಲಿಯುವುದಿಲ್ಲ. ಒಂದು ಯೋಜನೆಯೊಳಗೆ ಇನ್ನೊಂದು ಯೋಜನೆ ಇರುವಾಗ, ಹೊರಗಿನದರಲ್ಲಿ ನಿಶ್ಚಯಿಸಿದ ಬೆಲೆಗಳು ಒಳಗಿನದಕ್ಕೆ ಸಲ್ಲುವುವೋ ಇಲ್ಲವೋ, ಸಲ್ಲುವುದಾದರೆ ಯಾವ ನಿಯಮದ ಪ್ರಕಾರ, ಎಂಬುದೇ ಆ ಗೊಂದಲ.

ಮೊದಲು ಪದಗಳ ಅರ್ಥವನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ತಯಾರಾದ ಕಡತಗಳು ಯಾವ ಫೋಲ್ಡರಿಗೆ ಹೋಗಬೇಕು, ಯಾವ ಲೈಬ್ರರಿಯ ಯಾವ ಆವೃತ್ತಿ ಬೇಕು, ಪರೀಕ್ಷೆಗಳನ್ನು ನಡೆಸಬೇಕೆ ಬೇಡವೆ, ಇಂಥ ಸಂಗತಿಗಳಿಗೆ ಒಂದೊಂದು ಹೆಸರನ್ನಿಟ್ಟು ಆ ಹೆಸರಿಗೊಂದು ಬೆಲೆಯನ್ನು ಕೊಟ್ಟಿರುತ್ತಾರೆ. ಹೀಗೆ ಹೆಸರೂ ಬೆಲೆಯೂ ಕೂಡಿದ ಜೋಡಿಗೆ ಪ್ರಾಪರ್ಟಿ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಗುಣವೆಂಬ ಅರ್ಥವೂ ಉಂಟು, ಆಸ್ತಿಯೆಂಬ ಅರ್ಥವೂ ಉಂಟು. ಇಲ್ಲಿ ಉದ್ದಿಷ್ಟವಾದದ್ದು ಮೊದಲನೆಯದೇ ಆದರೂ, ಅದು ಹೊರಯೋಜನೆಯಿಂದ ಒಳಯೋಜನೆಗೆ ಬರುವ ರೀತಿಗೆ ಆಸ್ತಿಯ ಪಾಲಿಗೆ ಸಂಬಂಧಿಸಿದ ಶಬ್ದವನ್ನೇ ಬಳಸುವುದು ರೂಢಿಯಾಗಿಬಿಟ್ಟಿದೆ. ಆದುದರಿಂದ ಕನ್ನಡದಲ್ಲಿ ಅದನ್ನು ದಾಯ ಎಂದು ಕರೆದರೆ ತಪ್ಪಾಗಲಾರದು. ದೊಡ್ಡ ತಂತ್ರಾಂಶವನ್ನು ಒಂದೇ ಯೋಜನೆಯಾಗಿ ಇಟ್ಟುಕೊಳ್ಳುವುದು ಅಸಾಧ್ಯವಾದುದರಿಂದ ಅದನ್ನು ಹತ್ತಾರು, ಕೆಲವೊಮ್ಮೆ ನೂರಾರು, ಒಳಯೋಜನೆಗಳಾಗಿ ಒಡೆಯುತ್ತಾರೆ. ಎಲ್ಲಕ್ಕೂ ಸಮಾನವಾದ ಬೆಲೆಗಳನ್ನು ಒಂದೊಂದರಲ್ಲಿಯೂ ಬರೆಯುವುದು ವ್ಯರ್ಥಶ್ರಮ; ಬರೆದರೂ ಒಂದರಲ್ಲಿ ತಿದ್ದಿ ಮತ್ತೊಂದರಲ್ಲಿ ಮರೆಯುವುದು ಖಂಡಿತ. ಹೊರಯೋಜನೆಯಲ್ಲಿ ಒಮ್ಮೆ ಬರೆದು ಒಳಗಿನವಕ್ಕೆ ಹರಿಯಬಿಡುವ ಪದ್ಧತಿ ಹುಟ್ಟಿದ್ದು ಇದಕ್ಕಾಗಿಯೇ. ಉದ್ದೇಶದಲ್ಲಿ ದೋಷವೇನೂ ಇಲ್ಲ.

ಈ ಸಮಸ್ಯೆಯ ಅತ್ಯಂತ ಹಳೆಯ ರೂಪವು ಮೇಕ್‌ನಲ್ಲಿ ಕಾಣಿಸುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಎಂಬವರು ೧೯೭೬ರಲ್ಲಿ ಇದನ್ನು ರಚಿಸಿದರು. ಈಗ ಬಹಳವಾಗಿ ಬಳಕೆಯಲ್ಲಿರುವುದು ಅದರ ಗ್ನೂ ರೂಪ. ಮೇಕ್‌ನಲ್ಲಿ ಹೊರ ಫೋಲ್ಡರಿನ ಕಡತವು ಒಳ ಫೋಲ್ಡರಿನಲ್ಲಿ ಮತ್ತೊಂದು ಮೇಕ್ ಅನ್ನು ಹೊಸದಾಗಿ ಓಡಿಸುತ್ತದೆ. ಹೊರಗಿನದರಲ್ಲಿ ಬರೆದ ಬೆಲೆ ಒಳಗಿನದಕ್ಕೆ ತಾನಾಗಿ ಹೋಗುವುದಿಲ್ಲ. ಹೋಗಬೇಕಾದರೆ ಎಕ್ಸ್‌ಪೋರ್ಟ್ ಎಂದು ಸ್ಪಷ್ಟವಾಗಿ ಹೇಳಬೇಕು. ಹಾಗೆ ಹೋದ ಬೆಲೆಗೂ ಒಳಗೆ ಹೆಚ್ಚಿನ ಅಧಿಕಾರವಿಲ್ಲ. ಒಳಗಿನ ಕಡತದಲ್ಲಿ ಅದೇ ಹೆಸರಿಗೆ ಬೇರೆ ಬೆಲೆ ಬರೆದಿದ್ದರೆ ಅದೇ ಗೆಲ್ಲುತ್ತದೆ. ಇಲ್ಲಿಯವರೆಗೆ ಎಲ್ಲವೂ ನ್ಯಾಯವಾಗಿಯೇ ಇದೆ. ಆದರೆ ಅದೇ ಬೆಲೆಯನ್ನು ಬಳಕೆದಾರನು ಕಮಾಂಡ್ ಲೈನಿನಲ್ಲಿ ಬರೆದನೆನ್ನಿ. ಆಗ ಅದು ಹೇಳದೆಯೇ ಒಳಗೆ ಹೋಗುತ್ತದೆ, ಹೋಗಿ ಒಳಗಿನ ಕಡತದ ಮಾತನ್ನು ತಳ್ಳಿಹಾಕುತ್ತದೆ. ಒಂದೇ ಹೆಸರು, ಒಂದೇ ಬೆಲೆ. ಬಂದ ಬಾಗಿಲು ಬೇರೆಯಾದ್ದರಿಂದ ಪದವಿ ಬೇರೆಯಾಯಿತು.

ಮೂರನೆಯ ಬಾಗಿಲೊಂದಿದೆ, ತೊಂದರೆ ಹೆಚ್ಚಾಗಿ ಬರುವುದು ಅದರಿಂದ. ಬಳಕೆದಾರನ ಶೆಲ್ಲಿನ ಎನ್ವಿರಾನ್‌ಮೆಂಟಿನಲ್ಲಿ ಒಂದು ಹೆಸರು ಮೊದಲೇ ಇದ್ದರೆ, ಮೇಕ್ ಅದನ್ನು ತನ್ನದೆಂದು ಸ್ವೀಕರಿಸಿ, ಒಳಗಿನ ಮೇಕ್‌ಗೂ ದಾಟಿಸುತ್ತದೆ. ದಾಟಿಸುವುದು ಶೆಲ್ಲಿನ ಬೆಲೆಯನ್ನಲ್ಲ. ಹೊರ ಕಡತವು ಆ ಹೆಸರಿಗೆ ಹೊಸ ಬೆಲೆ ಕೊಟ್ಟಿದ್ದರೆ ಆ ಹೊಸ ಬೆಲೆಯನ್ನು. ಇದರ ಫಲವನ್ನು ಗಮನಿಸಬೇಕು. ಸಿ ಭಾಷೆಯ ಕಂಪೈಲರಿಗೆ ಕೊಡತಕ್ಕ ಸೂಚನೆಗಳನ್ನು ಸಾಮಾನ್ಯವಾಗಿ ಸಿ-ಫ್ಲ್ಯಾಗ್ಸ್ ಎಂಬ ಹೆಸರಿನಲ್ಲಿಡುತ್ತಾರೆ. ಹೊರ ಕಡತವು ಎಕ್ಸ್‌ಪೋರ್ಟ್ ಎನ್ನದೆ ಆ ಹೆಸರಿಗೆ ಒಂದು ಬೆಲೆ ಬರೆದಿದೆ; ಒಳ ಕಡತವು ಆ ವಿಷಯದಲ್ಲಿ ಮೌನವಾಗಿದೆ. ಇಬ್ಬರು ಸಹೋದ್ಯೋಗಿಗಳು ಒಂದೇ ಮೂಲವನ್ನು ತಂತಮ್ಮ ಯಂತ್ರಗಳಲ್ಲಿ ಓಡಿಸುತ್ತಾರೆ. ಒಬ್ಬನ ಶೆಲ್ಲಿನಲ್ಲಿ ಸಿ-ಫ್ಲ್ಯಾಗ್ಸ್ ಎಂಬ ಹೆಸರೇ ಇಲ್ಲ. ಅವನ ಒಳಯೋಜನೆಗೆ ಹೊರಗಿನ ಬೆಲೆ ತಲುಪುವುದಿಲ್ಲ. ಇನ್ನೊಬ್ಬನು ಎಂದೋ ಬೇರೊಂದು ಕೆಲಸಕ್ಕಾಗಿ ಆ ಹೆಸರನ್ನು ತನ್ನ ಶೆಲ್ಲಿನಲ್ಲಿ ಬರೆದಿಟ್ಟಿದ್ದಾನೆ, ಅವನಲ್ಲಿ ತಲುಪುತ್ತದೆ. ಎರಡು ಯಂತ್ರಗಳಲ್ಲಿ ಎರಡು ಬಗೆಯ ಫಲ. ಕಡತಗಳನ್ನು ಅಕ್ಷರಕ್ಕಕ್ಷರ ಹೋಲಿಸಿದರೂ ವ್ಯತ್ಯಾಸ ಸಿಕ್ಕುವುದಿಲ್ಲ, ಏಕೆಂದರೆ ವ್ಯತ್ಯಾಸವು ಕಡತಗಳಲ್ಲಿಯೇ ಇಲ್ಲ. ಮೇಕ್ ಅನ್ನು ಹೀಗೆ ಒಂದರೊಳಗೊಂದು ಓಡಿಸುವ ಪದ್ಧತಿಯನ್ನು ಪೀಟರ್ ಮಿಲ್ಲರ್ ಎಂಬವರು ೧೯೯೮ರ ಒಂದು ಪ್ರಬಂಧದಲ್ಲಿ ಬಲವಾಗಿ ಖಂಡಿಸಿದರು. ಅವರ ಮುಖ್ಯ ಆಕ್ಷೇಪವು ಬೆಲೆಗಳ ವಿಷಯದ್ದಲ್ಲ, ಒಳಗಿನ ಪ್ರತಿಯೊಂದು ಮೇಕ್‌ಗೂ ಒಟ್ಟು ಅವಲಂಬನೆಯ ಚಿತ್ರದ ಒಂದು ತುಣುಕಷ್ಟೇ ಕಾಣುತ್ತದೆ ಎಂಬುದು. ಆದರೂ ಎರಡು ರೋಗಗಳಿಗೂ ಬೇರು ಒಂದೇ.

ಆ್ಯಂಟ್‌ನಲ್ಲಿ ಈ ಸಂಗತಿ ಇನ್ನಷ್ಟು ಜಟಿಲವಾಗುತ್ತದೆ. ಜಾವಾ ಭಾಷೆಯ ಟಾಮ್‌ಕ್ಯಾಟ್ ಎಂಬ ತಂತ್ರಾಂಶವನ್ನು ಸಿದ್ಧಪಡಿಸುತ್ತಿದ್ದ ಜೇಮ್ಸ್ ಡಂಕನ್ ಡೇವಿಡ್‌ಸನ್ ತಮ್ಮ ಅನುಕೂಲಕ್ಕಾಗಿ ಮಾಡಿಕೊಂಡ ಸಾಧನವಿದು. ೨೦೦೦ದಲ್ಲಿ ಪ್ರತ್ಯೇಕವಾಗಿ ಹೊರಬಂದಿತು. ಆ್ಯಂಟ್‌ನ ಮೂಲಸೂತ್ರ ಸರಳವಾದುದು: ಪ್ರಾಪರ್ಟಿಗೆ ಒಮ್ಮೆ ಕೊಟ್ಟ ಬೆಲೆ ಬದಲಾಗುವುದಿಲ್ಲ, ಮೊದಲು ಬರೆದವನೇ ಗೆದ್ದವನು. ಎರಡನೆಯ ಸಲ ಬರೆದರೆ ತಪ್ಪೆಂದು ಹೇಳುವುದಿಲ್ಲ, ಸುಮ್ಮನೆ ಬಿಟ್ಟುಬಿಡುತ್ತದೆ. ಒಂದೇ ಕಡತದೊಳಗೆ ಈ ಸೂತ್ರ ಉಪಯುಕ್ತವಾದದ್ದೇ. ಆದರೆ ಹೊರಯೋಜನೆಯು ಒಳಯೋಜನೆಯನ್ನು ಕರೆಯುವಾಗ ಹೊರಗಿನ ಪ್ರಾಪರ್ಟಿಗಳೆಲ್ಲವೂ, ಬೇಡವೆಂದು ಹೇಳದ ಪಕ್ಷದಲ್ಲಿ, ಒಳಗೆ ಹೋಗುತ್ತವೆ. ಮತ್ತು ಒಳಗಿನ ಕಡತದ ಮೊದಲನೆಯ ಸಾಲನ್ನು ಓದುವುದಕ್ಕೂ ಮುಂಚೆ ಹೋಗುತ್ತವೆ. ಆದ್ದರಿಂದ ಒಳಗಿನವರು ಬರೆದುಕೊಂಡ ಬೆಲೆಗಳು ಯಾವಾಗಲೂ ಎರಡನೆಯವು. ಮೇಕ್‌ನಲ್ಲಿ ಒಳಗಿನ ಮಾತು ಗೆಲ್ಲುತ್ತಿದ್ದ ಕಡೆ ಇಲ್ಲಿ ಹೊರಗಿನ ಮಾತು ಗೆಲ್ಲುತ್ತದೆ.

ಇದರಿಂದ ಆಗಬಹುದಾದ ಹಾನಿಗೆ ಒಂದು ನಿದರ್ಶನ ಸಾಕು. ಹೊರಯೋಜನೆಯೊಂದು ತನ್ನ ಉತ್ಪನ್ನಗಳನ್ನು ಇಡುವ ಫೋಲ್ಡರನ್ನು ಬಿಲ್ಡ್-ಡಿರ್ ಎಂಬ ಪ್ರಾಪರ್ಟಿಯಲ್ಲಿ ಬರೆದಿದೆ ಎನ್ನೋಣ. ಒಳಯೋಜನೆಯೂ ಅದೇ ಹೆಸರನ್ನು ತನ್ನ ಫೋಲ್ಡರಿಗೆ ಇಟ್ಟುಕೊಂಡಿದೆ. ಇದು ಬಹಳ ಸಾಮಾನ್ಯವಾದ ಹೆಸರು. ಒಳಯೋಜನೆಯಲ್ಲಿ ಹಳೆಯ ಉತ್ಪನ್ನಗಳನ್ನು ಅಳಿಸಿಹಾಕುವ ಕ್ಲೀನ್ ಎಂಬ ಕಾರ್ಯವೂ ಇದೆ. ಬಿಲ್ಡ್-ಡಿರ್ ಎಂಬಲ್ಲಿ ಏನಿದೆಯೋ ಅದನ್ನು ಅಳಿಸುವುದಷ್ಟೇ ಅದರ ಕೆಲಸ. ಒಳಯೋಜನೆಯನ್ನು ಅದರ ಫೋಲ್ಡರಿನಲ್ಲಿಯೇ ನಿಂತು ಓಡಿಸಿದರೆ ಅದರ ಸ್ವಂತ ಫೋಲ್ಡರು ಅಳಿಯುತ್ತದೆ. ಹೊರಯೋಜನೆಯ ಮೂಲಕ ಓಡಿಸಿದರೆ ಏನಾಗುತ್ತದೆ? ಅದು ಹೊರಗಿನವರು ಆ ಪ್ರಾಪರ್ಟಿಯನ್ನು ಬರೆಯುವಾಗ ಯಾವ ಶಬ್ದವನ್ನು ಬಳಸಿದರು ಎಂಬುದನ್ನು ಅವಲಂಬಿಸುತ್ತದೆ. ವ್ಯಾಲ್ಯೂ ಎಂಬ ಶಬ್ದದಿಂದ ಬರೆದಿದ್ದರೆ ಬೆಲೆಯು ಬರಿಯ ಅಕ್ಷರಗಳಾಗಿ ಹೋಗಿ, ಬಳಸುವ ಯೋಜನೆಯ ಫೋಲ್ಡರಿಗೆ ಸೇರಿಸಿ ಓದಲ್ಪಡುತ್ತದೆ. ಕ್ಲೀನ್ ಒಳಗಿನದನ್ನೇ ಅಳಿಸುತ್ತದೆ. ಲೊಕೇಶನ್ ಎಂಬ ಶಬ್ದದಿಂದ ಬರೆದಿದ್ದರೆ ಬರೆದ ಸ್ಥಳದಲ್ಲಿಯೇ ಪೂರ್ಣ ವಿಳಾಸವಾಗಿ ನಿಶ್ಚಯವಾಗಿ ಹೋಗುತ್ತದೆ; ಆಗ ಒಳಯೋಜನೆಯ ಕ್ಲೀನ್ ಹೊರಯೋಜನೆಯ ಉತ್ಪನ್ನಗಳನ್ನು ಅಳಿಸಿಹಾಕುತ್ತದೆ. ಅಲ್ಲಿಯವರೆಗೆ ತಯಾರಾದ ಇತರ ಒಳಯೋಜನೆಗಳ ಫಲಗಳು ಅಲ್ಲಿಯೇ ಇದ್ದರೆ ಅವೂ ಹೋದಂತೆಯೇ. ಒಳಯೋಜನೆಯನ್ನು ಬರೆದವನು ಒಂದಕ್ಷರವನ್ನೂ ತಪ್ಪು ಬರೆದಿಲ್ಲ.

ಬೇಡವೆಂದು ಹೇಳುವ ಮಾರ್ಗವೂ ಇದೆ: ಇನ್‌ಹೆರಿಟ್-ಆಲ್ ಎಂಬ ಸೂಚನೆಗೆ ಫಾಲ್ಸ್ ಎಂದು ಬರೆಯುವುದು. ಆಗ ಬಳಕೆದಾರನು ಕಮಾಂಡ್ ಲೈನಿನಲ್ಲಿ ಕೊಟ್ಟ ಬೆಲೆಗಳು ಮಾತ್ರ ಒಳಗೆ ಹೋಗುತ್ತವೆ. ವಿಚಿತ್ರವೆಂದರೆ ಈ ಸೂಚನೆಯ ಡೀಫಾಲ್ಟ್ ಎಲ್ಲ ಕಡೆಯೂ ಒಂದೇ ಅಲ್ಲ. ಒಂದು ಒಳಯೋಜನೆಯನ್ನು ಕರೆಯುವ ಆ್ಯಂಟ್ ಎಂಬ ಆಜ್ಞೆಯಲ್ಲಿಯೂ, ಅದೇ ಕಡತದ ಬೇರೊಂದು ಕಾರ್ಯವನ್ನು ಕರೆಯುವ ಆ್ಯಂಟ್‌ಕಾಲ್ ಎಂಬುದರಲ್ಲಿಯೂ ಅದು ಟ್ರೂ. ಅನೇಕ ಒಳಯೋಜನೆಗಳನ್ನು ಒಟ್ಟಿಗೆ ಕರೆಯುವ ಸಬ್‌ಆ್ಯಂಟ್ ಎಂಬುದರಲ್ಲಿ ಫಾಲ್ಸ್. ಹತ್ತು ಕರೆಗಳನ್ನು ಒಂದು ಸಬ್‌ಆ್ಯಂಟ್ ಕರೆಯಾಗಿ ಸಂಕ್ಷೇಪಿಸಿದವನು ತಾನು ಬರವಣಿಗೆಯನ್ನಷ್ಟೇ ಅಚ್ಚುಕಟ್ಟು ಮಾಡಿದೆನೆಂದು ತಿಳಿಯುತ್ತಾನೆ. ವಾಸ್ತವವಾಗಿ ದಾಯದ ಕಾನೂನನ್ನೇ ತಿರುಗುಮುರುಗು ಮಾಡಿರುತ್ತಾನೆ. ಕರೆಯ ಒಳಗೇ ಪ್ರಾಪರ್ಟಿಯನ್ನು ಬರೆದು ಕಳಿಸುವ ಇನ್ನೊಂದು ಕ್ರಮವಿದೆ. ಹೀಗೆ ಕಳಿಸಿದ ಬೆಲೆ ಇನ್‌ಹೆರಿಟ್-ಆಲ್ ಏನೇ ಇರಲಿ ಮಗುವಿಗೂ ಮೊಮ್ಮಗುವಿಗೂ ತಲುಪುತ್ತದೆ. ಸಾಮಾನ್ಯ ದಾಯವಾಗಿ ಬಂದದ್ದಾದರೋ ಮುಂದಿನ ಕರೆಯಲ್ಲಿ ಫಾಲ್ಸ್ ಎಂದಿದ್ದರೆ ಮಗುವಿನಲ್ಲಿಯೇ ನಿಂತುಬಿಡುತ್ತದೆ. ಇಷ್ಟು ಸಾಲದೆಂಬಂತೆ, ಒಂದೇ ಕರೆಯೊಳಗೆ ಒಂದೇ ಹೆಸರನ್ನು ಎರಡು ಸಲ ಬರೆದರೆ ಕೊನೆಯದು ಗೆಲ್ಲುತ್ತದೆ, ಮೊದಲನೆಯದಲ್ಲ. ಆ್ಯಂಟ್‌ನ ಕೈಪಿಡಿ ಇದನ್ನು ಮರೆಮಾಚುವುದಿಲ್ಲ: ಹಳೆಯ ಕಡತಗಳು ಕೆಡದಿರಲೆಂದು ಹೀಗೆ ಉಳಿಸಿಕೊಂಡಿದೆ, ಇತರ ಕಡೆಯ ನಡವಳಿಕೆಗೆ ಇದು ಭಿನ್ನವಾದುದು ಎಂದು ಅದೇ ಒಪ್ಪಿಕೊಳ್ಳುತ್ತದೆ. ಪ್ರಾಪರ್ಟಿಗಳ ಜೊತೆಗಿರುವ ರೆಫರೆನ್ಸ್ ಎಂಬ ಮತ್ತೊಂದು ಜಾತಿಯ ವಸ್ತುಗಳಿಗೆ ನಿಯಮವು ತೀರ ವಿರುದ್ಧ. ಅವು ಹೇಳಿದ ಹೊರತು ಒಳಗೆ ಹೋಗುವುದಿಲ್ಲ; ಹೋದರೂ ಒಳಗಿನವನ್ನು ತಳ್ಳಿಹಾಕುವುದಿಲ್ಲ. ಯೋಜನೆಯು ತಾನು ಯಾವ ಫೋಲ್ಡರಿನಲ್ಲಿ ನಿಂತಿದೆಯೆಂದು ತಿಳಿಯುವ ಬೇಸ್‌ಡಿರ್ ಎಂಬ ಪ್ರಾಪರ್ಟಿಯೂ ಇದರಿಂದ ತಪ್ಪಿಸಿಕೊಂಡಿಲ್ಲ. ಕರೆಯುವಾಗ ಫೋಲ್ಡರನ್ನು ಹೇಳಿದರೆ ಅದೇ ಬೇಸ್‌ಡಿರ್; ಹೇಳದೆ ದಾಯವನ್ನು ಕೊಟ್ಟರೆ ಕರೆದವನದು; ಹೇಳದೆ ದಾಯವನ್ನೂ ನಿರಾಕರಿಸಿದರೆ ಒಳಗಿನವನು ಬರೆದುಕೊಂಡದ್ದು. ಒಂದು ಕಡತದಲ್ಲಿ ಬರೆದಿರುವ ವಿಳಾಸಗಳು ಎಲ್ಲಿಂದ ಎಣಿಸಿದವು ಎಂಬುದನ್ನು ಆ ಕಡತವನ್ನು ಓದಿ ಹೇಳಲಾಗುವುದಿಲ್ಲ. ಅದನ್ನು ಕರೆದವನ ಕಡತವನ್ನೂ ಓದಬೇಕು.

ಆ್ಯಂಟ್‌ನ ತರುವಾಯ ಬಂದ ಮೇವೆನ್ ಈ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿದುಕೊಂಡಿತು. ಅದರ ಮೊದಲನೆಯ ಪೂರ್ಣ ಆವೃತ್ತಿ ೨೦೦೪ರಲ್ಲಿಯೂ, ಈಗಿನ ರೂಪಕ್ಕೆ ತಳಹದಿಯಾದ ಎರಡನೆಯದು ೨೦೦೫ರಲ್ಲಿಯೂ ಪ್ರಕಟವಾದವು. ಇಲ್ಲಿ ಹೊರಗಿನವನು ಕರೆದು ಕೊಡುವುದಿಲ್ಲ. ಒಳಗಿನವನು ತನ್ನ ಪಾಮ್ ಎಂಬ ಕಡತದಲ್ಲಿ ಇಂಥವನು ನನ್ನ ಪೇರೆಂಟ್ ಎಂದು ತಾನೇ ಬರೆದುಕೊಳ್ಳುತ್ತಾನೆ. ಇದು ವಂಶದ ಸಂಬಂಧ. ಹೊರಯೋಜನೆಯು ಇಂಥಿಂಥವು ನನ್ನ ಒಳಗಿವೆ, ಇವನ್ನೆಲ್ಲ ಒಟ್ಟಿಗೆ ತಯಾರಿಸು ಎಂದು ಬರೆಯುವ ಮಾಡ್ಯೂಲುಗಳ ಪಟ್ಟಿ ಬೇರೆ. ಅದು ವಾಸದ ಸಂಬಂಧ. ಒಂದೇ ಮನೆಯಲ್ಲಿ ಇದ್ದ ಮಾತ್ರಕ್ಕೆ ದಾಯಾದಿಯಾಗಲಿಲ್ಲ, ದಾಯಾದಿಯಾದ ಮಾತ್ರಕ್ಕೆ ಮನೆಯಲ್ಲಿರಬೇಕೆಂದೂ ಇಲ್ಲ. ಮಾಡ್ಯೂಲುಗಳ ಪಟ್ಟಿಯಲ್ಲಿ ಹೆಸರಿದ್ದು ಪೇರೆಂಟನ್ನು ಬರೆದುಕೊಳ್ಳದ ಒಳಯೋಜನೆಗೆ ಹೊರಗಿನ ಒಂದು ಪ್ರಾಪರ್ಟಿಯೂ ಸಿಕ್ಕುವುದಿಲ್ಲ. ಸಾಮಾನ್ಯವಾಗಿ ಎರಡು ಸಂಬಂಧಗಳೂ ಒಂದೇ ಕಡತದ ಜೊತೆ ಇರುವುದರಿಂದ ಬಹು ಜನರು ಇವು ಎರಡೆಂಬುದನ್ನೇ ಅರಿಯರು.

ಮೇವೆನ್‌ನಲ್ಲಿ ಗೆಲ್ಲುವವನು ಮಗು. ಬರಿಯ ಗೆಲುವಲ್ಲ, ಪೇರೆಂಟ್ ಬರೆದ ವಾಕ್ಯದ ಅರ್ಥವನ್ನು ಕೂಡ ಮಗುವೇ ನಿಶ್ಚಯಿಸುತ್ತದೆ. ಪೇರೆಂಟ್‌ನ ಕಡತವನ್ನೂ ಮಗುವಿನ ಕಡತವನ್ನೂ ಮೊದಲು ಒಂದುಗೂಡಿಸಿ, ಅನಂತರ ಹೆಸರುಗಳಿರುವ ಕಡೆ ಬೆಲೆಗಳನ್ನು ತುಂಬುವುದು ಅದರ ಕ್ರಮ. ಆದ್ದರಿಂದ ಪೇರೆಂಟ್ ತನ್ನ ಕಡತದಲ್ಲಿ ಪ್ರಾಜೆಕ್ಟಿನ ಬೇಸ್‌ಡಿರ್‌ನಲ್ಲಿರುವ ನಿಯಮಗಳ ಕಡತ ಎಂದು ಬರೆದರೆ, ಅದು ಪೇರೆಂಟ್‌ನ ಫೋಲ್ಡರ್ ಎಂದಾಗುವುದಿಲ್ಲ. ಯಾವ ಮಗು ಓದುತ್ತಿದೆಯೋ ಆ ಮಗುವಿನ ಫೋಲ್ಡರ್ ಎಂದಾಗುತ್ತದೆ. ಎಲ್ಲರಿಗೂ ಸಮಾನವಾದ ನಿಯಮಗಳ ಕಡತವೊಂದನ್ನು ಹೊರಗಿಟ್ಟು, ಒಳಗಿನ ಪ್ರತಿಯೊಂದು ಯೋಜನೆಯೂ ಅದು ತನ್ನಲ್ಲಿಲ್ಲವೆಂದು ದೂರುವುದನ್ನು ಕಂಡು ಬೆಪ್ಪಾದವರು ಅನೇಕರು. ಎಲ್ಲಕ್ಕೂ ಹೊರಗಿನ ಫೋಲ್ಡರನ್ನು ಸೂಚಿಸುವ ಒಂದು ಹೆಸರು ೨೦೧೫ರ ೩.೩ ಸರಣಿಯಲ್ಲಿ ಬಂದಿತಾದರೂ ಅದು ಸಾಧನದ ಒಳಬಳಕೆಗೆಂದು ಇಟ್ಟದ್ದು. ಜನರ ಬಳಕೆಗಾಗಿಯೇ ಒಂದನ್ನು ಕಲ್ಪಿಸಿದ್ದು ನಾಲ್ಕನೆಯ ಆವೃತ್ತಿಯಲ್ಲಿ. ಇನ್ನು ದಾಯದಲ್ಲಿ ಬರುವ ವಸ್ತುಗಳಲ್ಲಿಯೂ ಭೇದವುಂಟು. ಗುಂಪಿನ ಹೆಸರು ಮತ್ತು ಆವೃತ್ತಿ ಬರುತ್ತವೆ, ಯೋಜನೆಯ ಸ್ವಂತ ಹೆಸರು ಬರುವುದಿಲ್ಲ. ಇದು ಸಹಜವೇ. ಯೋಜನೆಯ ಜಾಲವಿಳಾಸವಾದರೋ ಬರುವಾಗ ತನ್ನ ತುದಿಗೆ ಮಗುವಿನ ಹೆಸರನ್ನು ಅಂಟಿಸಿಕೊಂಡು ಬರುತ್ತದೆ. ಹಾಗೆ ಮಾಡಬೇಡವೆಂದು ಹೇಳಲು ಆಮೇಲೆ ಒಂದು ಉದ್ದವಾದ ಸೂಚನೆಯನ್ನು ಸೇರಿಸಬೇಕಾಯಿತು.

ಪ್ರಸಂಗವಶಾತ್ ಇಲ್ಲಿ ಒಂದು ಹೋಲಿಕೆಯನ್ನು ಹೇಳಬಹುದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರ ವ್ಯಾಖ್ಯಾನದಲ್ಲಿ ಪಿತ್ರಾರ್ಜಿತದ ಮೇಲೆ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂದು ಸಾಧಿಸಿದನು. ವಂಗದೇಶದಲ್ಲಿ ನಡೆದುಬಂದ ಜೀಮೂತವಾಹನನ ದಾಯಭಾಗದ ಮತವಾದರೋ ತಂದೆ ತೀರಿಕೊಂಡ ಮೇಲಷ್ಟೇ ಹಕ್ಕು ಎಂಬುದು. ತಂದೆಯ ಮಾತು ಯಾವಾಗ ಮುಗಿಯುತ್ತದೆ, ಮಗನ ಮಾತು ಯಾವಾಗ ತೊಡಗುತ್ತದೆ ಎಂಬ ಪ್ರಶ್ನೆಯೇ ಎರಡು ಪಂಥಗಳನ್ನೂ ಬೇರ್ಪಡಿಸಿದ್ದು. ಆ್ಯಂಟ್ ಮತ್ತು ಮೇವೆನ್‌ಗಳ ನಡುವಣ ಭೇದವೂ ಇಂಥದೇ. ಆದರೆ ಆ ಎರಡು ಪಂಥಗಳಲ್ಲಿ ಒಂದೊಂದೂ ತನ್ನೊಳಗೆ ಸುಸಂಗತವಾಗಿತ್ತು. ಪಾಲಿಗೆ ನಿಂತವನಿಗೆ ತನಗೆ ಅನ್ವಯವಾಗುವ ಶಾಸ್ತ್ರ ಯಾವುದೆಂದು ಗೊತ್ತಿರುತ್ತಿತ್ತು. ಬಿಲ್ಡ್ ಸಾಧನಗಳ ವಿಷಯದಲ್ಲಿ ಈ ಮಾತನ್ನು ಹೇಳುವಂತಿಲ್ಲ.

ಈ ಗೊಂದಲದ ಬೆಲೆ ಎಷ್ಟೆಂಬುದು ೨೦೨೧ರ ಡಿಸೆಂಬರಿನಲ್ಲಿ ಚೆನ್ನಾಗಿ ಕಂಡುಬಂದಿತು. ಲಾಗ್-ಫೋರ್-ಜೆ ಎಂಬ ಲೈಬ್ರರಿಯು ಜಾವಾ ತಂತ್ರಾಂಶಗಳು ತಮ್ಮ ದಿನಚರಿಯನ್ನು ಬರೆದಿಡಲು ಬಳಸುವಂಥದು. ಹೊರಗಿನಿಂದ ಬಂದ ಒಂದು ದುಷ್ಟವಾಕ್ಯವನ್ನು ಅದು ದಿನಚರಿಯಲ್ಲಿ ಬರೆಯಹೊರಟರೆ ಸಾಕು, ಆಕ್ರಮಣಕಾರನ ಆಜ್ಞೆಗಳು ಯಂತ್ರದೊಳಗೆ ನಡೆಯಬಹುದೆಂಬ ದೋಷವು ಆ ತಿಂಗಳ ಎರಡನೆಯ ವಾರದಲ್ಲಿ ಬಯಲಾಯಿತು. ತೀವ್ರತೆಯ ಮಾನದಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ಸಂದಿತು. ೨.೧೫.೦, ೨.೧೬.೦, ೨.೧೭.೦, ೨.೧೭.೧ ಎಂದು ಒಂದೇ ತಿಂಗಳಲ್ಲಿ ಒಂದರ ಮೇಲೊಂದು ತಿದ್ದುಪಡಿಗಳು ಹೊರಬಂದವು. ಜಗತ್ತಿನೆಲ್ಲೆಡೆ ತಂತ್ರಾಂಶದವರು ಹಗಲಿರುಳು ಕುಳಿತು ಮಾಡಬೇಕಾಗಿದ್ದ ಕೆಲಸ ಹೊರನೋಟಕ್ಕೆ ಒಂದು ಅಂಕಿಯನ್ನು ಬದಲಾಯಿಸುವುದಷ್ಟೇ.

ಜಾವಾದಲ್ಲಿ ಬಹು ಜನಪ್ರಿಯವಾದ ಸ್ಪ್ರಿಂಗ್ ಬೂಟ್ ಎಂಬ ಚೌಕಟ್ಟನ್ನು ಬಳಸುವವರ ಸ್ಥಿತಿಯನ್ನು ಇಲ್ಲಿ ನೋಡಬೇಕು. ಅದು ತಾನಾಗಿ ಈ ಲೈಬ್ರರಿಯನ್ನು ದಿನಚರಿಗೆ ಬಳಸುವುದಿಲ್ಲ. ಬೇಕೆಂದು ಆರಿಸಿಕೊಂಡವರಿಗೆ ಮಾತ್ರ ಅಪಾಯ. ಸ್ಪ್ರಿಂಗ್ ಬೂಟ್ ನೂರಾರು ಲೈಬ್ರರಿಗಳ ಆವೃತ್ತಿಗಳನ್ನು ಒಂದು ಪಾಮ್ ಕಡತದಲ್ಲಿ ಪಟ್ಟಿಮಾಡಿ, ಒಂದೊಂದಕ್ಕೂ ಒಂದು ಪ್ರಾಪರ್ಟಿಯ ಹೆಸರಿಟ್ಟಿದೆ. ಈ ಪಟ್ಟಿಯನ್ನು ಪಡೆಯಲು ಎರಡು ದಾರಿಗಳುಂಟು. ಸ್ಪ್ರಿಂಗ್ ಬೂಟಿನ ಪಾಮ್ ಅನ್ನೇ ಪೇರೆಂಟ್ ಎಂದು ಬರೆದುಕೊಳ್ಳುವುದು ಒಂದು. ಸಂಸ್ಥೆಗೆ ತನ್ನದೇ ಆದ ಪೇರೆಂಟ್ ಇದ್ದರೆ ಅದು ಸಾಧ್ಯವಿಲ್ಲ, ಏಕೆಂದರೆ ಮೇವೆನ್‌ನಲ್ಲಿ ಒಬ್ಬನಿಗೆ ಒಂದೇ ಪೇರೆಂಟ್. ಅಂಥವರು ಆ ಪಟ್ಟಿಯನ್ನು ಇಂಪೋರ್ಟ್ ಮಾಡಿಕೊಳ್ಳುತ್ತಾರೆ. ಇದು ಎರಡನೆಯ ದಾರಿ. ದಿನನಿತ್ಯದ ಕೆಲಸದಲ್ಲಿ ಎರಡರಿಂದಲೂ ಒಂದೇ ಆವೃತ್ತಿಗಳು ದೊರೆಯುವುದರಿಂದ ವ್ಯತ್ಯಾಸ ಗೋಚರಿಸುವುದಿಲ್ಲ.

ಮೊದಲನೆಯ ದಾರಿಯವರು ತಮ್ಮ ಕಡತದಲ್ಲಿ ಲಾಗ್-ಫೋರ್-ಜೆಯ ಪ್ರಾಪರ್ಟಿಗೆ ಹೊಸ ಅಂಕಿಯನ್ನು ಬರೆದರು. ಮಗುವಿನ ಮಾತು ಗೆಲ್ಲುವುದರಿಂದಲೂ ಬೆಲೆಯನ್ನು ತುಂಬುವುದು ಒಂದುಗೂಡಿಸಿದ ಮೇಲಾದ್ದರಿಂದಲೂ ಪಟ್ಟಿಯಲ್ಲಿ ಹೊಸ ಅಂಕಿಯೇ ಬಂದಿತು. ಎರಡನೆಯ ದಾರಿಯವರು ಅದೇ ಸಾಲನ್ನು ಅಕ್ಷರಶಃ ಅದೇ ರೀತಿಯಲ್ಲಿ ಬರೆದರೆ ಏನೂ ಆಗುವುದಿಲ್ಲ. ಇಂಪೋರ್ಟ್ ಮಾಡಿದ ಪಟ್ಟಿಯು ವಂಶದಿಂದ ಬಂದದ್ದಲ್ಲ. ಅದರ ಬೆಲೆಗಳು ಅದರದೇ ಕಡತದ ಪ್ರಾಪರ್ಟಿಗಳಿಂದ ಅಲ್ಲಿಯೇ ತುಂಬಿ, ಸಿದ್ಧಪಾಕವಾಗಿ ಬಂದು ಸೇರುತ್ತವೆ. ಹೊರಗೆ ಅದೇ ಹೆಸರಿನಲ್ಲಿ ಏನು ಬರೆದರೂ ಅದಕ್ಕೆ ತಿಳಿಯದು. ಯಾರೂ ಬಳಸದ ಪ್ರಾಪರ್ಟಿಯನ್ನು ಬರೆಯುವುದು ಮೇವೆನ್‌ನ ದೃಷ್ಟಿಯಲ್ಲಿ ತಪ್ಪಲ್ಲವಾದ್ದರಿಂದ ಎಚ್ಚರಿಕೆಯ ಮಾತೊಂದೂ ಹೊರಡುವುದಿಲ್ಲ. ಕಡತದಲ್ಲಿ ೨.೧೭.೧ ಎಂದಿರುತ್ತದೆ, ಓಡುವ ತಂತ್ರಾಂಶದೊಳಗೆ ಹಳೆಯ, ತೆರೆದ ಬಾಗಿಲಿನ ಲೈಬ್ರರಿಯೇ ಇರುತ್ತದೆ. ಪರಿಶೀಲನೆಗೆ ಬಂದ ಮೇಲಧಿಕಾರಿಗೆ ಕಡತವನ್ನು ತೋರಿಸಿದರೆ ಆತನಿಗೂ ತೃಪ್ತಿ. ಎರಡನೆಯ ದಾರಿಯವರು ನಿಜವಾಗಿ ಮಾಡಬೇಕಾದದ್ದು ಲಾಗ್-ಫೋರ್-ಜೆಯ ಸ್ವಂತ ಪಟ್ಟಿಯನ್ನು ಸ್ಪ್ರಿಂಗ್ ಬೂಟಿನ ಪಟ್ಟಿಗಿಂತ ಮೇಲೆ ಇಂಪೋರ್ಟ್ ಮಾಡುವುದು; ಏಕೆಂದರೆ ಇಂಪೋರ್ಟುಗಳಲ್ಲಿ ಮೊದಲು ಬರೆದದ್ದು ಗೆಲ್ಲುತ್ತದೆ. ಕೆಳಗೆ ಬರೆದರೆ ಅದೂ ವ್ಯರ್ಥ. ವಂಶದಲ್ಲಿ ಕೊನೆಗೆ ಬಂದ ಮಗುವಿಗೆ ಗೆಲುವು, ಇಂಪೋರ್ಟಿನಲ್ಲಿ ಮೊದಲು ಬಂದವನಿಗೆ ಗೆಲುವು. ಎರಡೂ ಒಂದೇ ಸಾಧನದ, ಒಂದೇ ಕಡತದ, ಕೆಲವೇ ಸಾಲುಗಳ ಅಂತರದ ನಿಯಮಗಳು.

ಗ್ರೇಡಲ್‌ನ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ೨೦೧೨ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಕಂಡ ಈ ಸಾಧನದಲ್ಲಿ ಒಳಯೋಜನೆಯು ಒಂದು ಹೆಸರನ್ನು ತನ್ನಲ್ಲಿ ಕಾಣದಿದ್ದರೆ ಪೇರೆಂಟ್‌ನಲ್ಲಿಯೂ, ಅಲ್ಲಿಯೂ ಕಾಣದಿದ್ದರೆ ಮೇಲಿನವನಲ್ಲಿಯೂ ಹುಡುಕುತ್ತ ಬೇರಿನವರೆಗೆ ಹೋಗುತ್ತದೆ. ಹೀಗೆ ಸಿಕ್ಕಿದ ಬೆಲೆಯನ್ನು ಓದಬಹುದು, ತಿದ್ದಲಾಗದು. ಇದು ಮೆಚ್ಚತಕ್ಕ ನಿಯಮ. ಆದರೆ ೨೦೧೬ರಿಂದ ಇರುವ ಕಾಂಪೋಸಿಟ್ ಬಿಲ್ಡ್ ಎಂಬ ವ್ಯವಸ್ಥೆಯಲ್ಲಿ ಒಳಗೆ ಸೇರಿಸಿಕೊಂಡ ಬಿಲ್ಡ್ ಸ್ವತಂತ್ರವಾದುದು. ಹೊರಗಿನ ಸಿದ್ಧತೆಗಳಾವುವೂ ಅದರೊಂದಿಗೆ ಹಂಚಿಕೆಯಾಗುವುದಿಲ್ಲ. ಇಂಕ್ಲೂಡ್ ಎಂದಿದ್ದ ಕಡೆ ಇಂಕ್ಲೂಡ್-ಬಿಲ್ಡ್ ಎಂದು ಬರೆದರೆ, ಅದೇ ಫೋಲ್ಡರು ಅದೇ ಸ್ಥಳದಲ್ಲಿದ್ದುಕೊಂಡೇ ತನ್ನ ದಾಯವನ್ನೆಲ್ಲ ಕಳೆದುಕೊಳ್ಳುತ್ತದೆ. ಇಲ್ಲಿ ಕಾಣದ ಹೆಸರನ್ನು ಕೇಳಿದರೆ ಬಿಲ್ಡ್ ಸಾಮಾನ್ಯವಾಗಿ ನಿಂತುಹೋಗುವುದರಿಂದ ತೊಂದರೆಯು ಬೇಗ ಬೆಳಕಿಗೆ ಬರುತ್ತದೆಂಬುದು ಒಂದು ಸಮಾಧಾನ.

ಈ ನಿಯಮಗಳನ್ನೆಲ್ಲ ರೂಪಿಸಿದವರು ಅವಿವೇಕಿಗಳೇನಲ್ಲ. ಒಂದೊಂದು ವಿನಾಯಿತಿಗೂ ಹಿಂದೆ ಒಂದೊಂದು ನ್ಯಾಯವಾದ ಬೇಡಿಕೆಯಿದೆ. ಒಮ್ಮೆ ಕೊಟ್ಟ ವಿನಾಯಿತಿಯನ್ನು ಹಿಂದಕ್ಕೆ ತೆಗೆದುಕೊಂಡರೆ ಅದನ್ನು ನಂಬಿ ಬರೆದ ಸಾವಿರಾರು ಕಡತಗಳು ಕೆಡುತ್ತವೆ. ಹೊರಗಿನದೇ ಗೆಲ್ಲಬೇಕೆಂಬುದಕ್ಕೂ ಒಳಗಿನದೇ ಗೆಲ್ಲಬೇಕೆಂಬುದಕ್ಕೂ ಸಮರ್ಥನೆಗಳುಂಟು. ಸಮರ್ಥನೆಯಿಲ್ಲದ್ದು ಮೌನ ಮಾತ್ರ. ಒಂದು ಬೆಲೆಯನ್ನು ತಳ್ಳಿಹಾಕಿದಾಗಲೂ ಬರೆದ ಬೆಲೆ ಯಾರನ್ನೂ ಮುಟ್ಟದೆ ಹೋದಾಗಲೂ ಸಾಧನವು ಬಾಯಿಬಿಡದಿರುವುದೇ ಅನರ್ಥಗಳಿಗೆಲ್ಲ ಕಾರಣ. ಒಳಯೋಜನೆಗೆ ಏನು ಬೇಕೋ ಅದನ್ನು ಕರೆಯಲ್ಲಿಯೇ ಹೆಸರು ಹೇಳಿ ಕೊಡುವುದು, ಹೇಳದ್ದನ್ನು ಕೊಡದಿರುವುದು, ಬರವಣಿಗೆಯನ್ನು ಹೆಚ್ಚಿಸುತ್ತದೆ ನಿಜ. ಆದರೆ ಒಳಯೋಜನೆಯನ್ನು ಒಂಟಿಯಾಗಿ ಓಡಿಸಿದರೂ ಮನೆಯೊಳಗಿಟ್ಟು ಓಡಿಸಿದರೂ ಫಲ ಒಂದೇ ಆಗಬೇಕಾದರೆ ಆ ಶ್ರಮವನ್ನು ಪಡಲೇಬೇಕು.

ಸಾಧನವನ್ನು ಬಾಯಿಬಿಡಿಸುವ ಉಪಾಯಗಳು ಇಲ್ಲದಿಲ್ಲ. ಆ್ಯಂಟ್ ಅನ್ನು ವರ್ಬೋಸ್ ಎಂಬ ಸೂಚನೆಯೊಡನೆ ಓಡಿಸಿದರೆ ಯಾವ ಪ್ರಾಪರ್ಟಿಯ ಎರಡನೆಯ ಬೆಲೆಯನ್ನು ಬಿಟ್ಟುಬಿಟ್ಟೆನೆಂದು ಅದು ಹೇಳುತ್ತದೆ. ಇತರ ನೂರಾರು ಸಾಲುಗಳ ನಡುವೆ ಹೇಳುವುದರಿಂದ ಹುಡುಕಿಕೊಳ್ಳಬೇಕು. ಮೇವೆನ್‌ಗೆ ಎಫೆಕ್ಟಿವ್ ಪಾಮ್ ಎಂಬುದನ್ನು ಕೇಳಿದರೆ ವಂಶದಿಂದಲೂ ಇಂಪೋರ್ಟಿನಿಂದಲೂ ಬಂದದ್ದೆಲ್ಲ ಸೇರಿ ಕಟ್ಟಕಡೆಗೆ ಉಳಿದ ಕಡತವನ್ನು ಮುದ್ರಿಸಿ ಕೊಡುತ್ತದೆ. ಅಲ್ಲಿಯೂ ವರ್ಬೋಸ್ ಎಂದರೆ ಯಾವ ಸಾಲು ಯಾವ ಪಾಮ್‌ನಿಂದ ಬಂದಿತೆಂಬುದು ಪಕ್ಕದಲ್ಲಿಯೇ ಕಾಣುತ್ತದೆ. ೨೦೨೧ರ ಡಿಸೆಂಬರಿನಲ್ಲಿ ಎರಡನೆಯ ದಾರಿಯವರಿಗೆ ಸತ್ಯವನ್ನು ಹೇಳಬಲ್ಲುದಾಗಿದ್ದ ಆಜ್ಞೆಗಳಲ್ಲಿ ಇದೊಂದು. ಎಲ್ಲಕ್ಕಿಂತ ಹಳೆಯದಾದ ಮೇಕ್‌ನ ಗ್ನೂ ರೂಪದಲ್ಲಿ ಒರಿಜಿನ್ ಎಂಬ ವಿಧಿಯೊಂದಿದೆ. ಒಂದು ಹೆಸರನ್ನು ಅದಕ್ಕೆ ಕೊಟ್ಟರೆ ಆ ಹೆಸರಿನ ಬೆಲೆ ಕಡತದಿಂದ ಬಂದದ್ದೋ, ಕಮಾಂಡ್ ಲೈನಿನಿಂದಲೋ, ಎನ್ವಿರಾನ್‌ಮೆಂಟಿನಿಂದಲೋ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುತ್ತದೆ. ಆದರೆ ಹೊರ ಮೇಕ್ ಎಕ್ಸ್‌ಪೋರ್ಟ್ ಮಾಡಿ ಕಳಿಸಿದ ಬೆಲೆಯೂ ಬಳಕೆದಾರನು ತನ್ನ ಶೆಲ್ಲಿನಲ್ಲಿ ಎಂದೋ ಬರೆದು ಮರೆತ ಬೆಲೆಯೂ ಒಳ ಮೇಕ್‌ಗೆ ಬರುವುದು ಒಂದೇ ಬಾಗಿಲಿನಿಂದ. ಎರಡಕ್ಕೂ ಒರಿಜಿನ್ ಕೊಡುವ ಉತ್ತರ ಎನ್ವಿರಾನ್‌ಮೆಂಟ್ ಎಂದೇ ಆಗಿರುತ್ತದೆ.